ಇಪ್ಪತ್ತೆರಡು ಹಾಸಿಗೆಗೆ ಒಂದು ತುರ್ತು ಯೋಜನೆ

ನಾನು ಕೆಲಸ ಮಾಡುವ ಕಡೆ ಯಾರೂ ನಗಿಸಬೇಕು ಅಂತ ಏನನ್ನೂ ಮಾಡುವುದಿಲ್ಲ. ಆದರೂ ತಿಂಗಳಿಗೆ ಎರಡು ಮೂರು ಸಲವಾದರೂ ನಾನು ಔಷಧಿ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಬೇಕಾಗುತ್ತದೆ. ಅಳಬೇಕಾದಾಗಲೂ ಅದೇ ಕೋಣೆಗೆ ಹೋಗುತ್ತೇನೆ. ಹೊರಗಿರುವ ಆಯಾಗಳಿಗೆ ಒಳಗೆ ಯಾವುದು ನಡೆಯುತ್ತಿದೆ ಅಂತ ತಿಳಿಯುವುದಿಲ್ಲ. ಒಮ್ಮೊಮ್ಮೆ ನನಗೂ ತಿಳಿಯುವುದಿಲ್ಲ.

ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ರಸ್ತೆಯಲ್ಲಿ, ಹಿಂದೆ ಅಕ್ಕಿ ಗಿರಣಿಯಾಗಿದ್ದ ಕಟ್ಟಡದಲ್ಲಿ ನಮ್ಮ ಆರೈಕೆ ಕೇಂದ್ರ ಇದೆ. ಇಪ್ಪತ್ತೆರಡು ಹಾಸಿಗೆ. ಲಕ್ವ ಹೊಡೆದವರು, ಸೊಂಟ ಮುರಿದವರು, ಮರೆವು ಬಂದವರು, ಉಸಿರಿಗೆ ಯಂತ್ರ ಬೇಕಾದವರು. ಬಂದವರಲ್ಲಿ ವಾಸಿಯಾಗಿ ನಡೆದುಕೊಂಡು ಹೋಗುವವರು ಕಡಿಮೆ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ನಾನು ಇಲ್ಲಿ ಹಿರಿಯ ನರ್ಸಾಗಿ ಸೇರಿದೆ. ದಿನಾ ಸೊರಬದಿಂದ ಬಸ್ಸಿನಲ್ಲಿ ಬರುತ್ತೇನೆ. ನನ್ನ ಮೇಲೆ ಒಬ್ಬ ಮ್ಯಾನೇಜರು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತಿರುತ್ತದೆ. ಉಳಿದಂತೆ ನಾಲ್ಕಾರು ನರ್ಸು ಆಯಾಗಳು, ಒಬ್ಬ ಅಡುಗೆಯಮ್ಮ, ಒಬ್ಬ ವ್ಯಾನ್ ಡ್ರೈವರು.

ಒಂದು ದಿನ ತಪಾಸಣೆಗೆ ಬಂದ ಮೇಡಂ ವಾರ್ಡಿನ ನಡುವೆ ನಿಂತು ಸುತ್ತ ನೋಡಿ ಕೇಳಿದರು, “ಬೆಂಕಿ ಬಿದ್ರೆ, ಕರೆಂಟು ಹೋದ್ರೆ, ನೀರು ನುಗ್ಗಿದ್ರೆ ಈ ಜನರನ್ನ ಏನು ಮಾಡ್ತೀರಿ?”

ಮ್ಯಾನೇಜರು ಕೈ ಮೇಲೆ ಮಾಡಿ, “ದೇವರಿದ್ದಾನೆ ಮೇಡಂ” ಅಂದರು.

“ಅವನ ಫೋನ್ ನಂಬರ್ ಬರೆದಿಟ್ಟಿದ್ದೀರಾ?”

ಮ್ಯಾನೇಜರು ಜೇಬಿನಿಂದ ಪೆನ್ನು ತೆಗೆದವರು ಹಾಗೇ ನಿಂತರು. ಒಂದು ತಿಂಗಳೊಳಗೆ ಬರಹದಲ್ಲಿ ತುರ್ತು ಯೋಜನೆ ಬೇಕು ಅಂತ ಹೇಳಿ ಮೇಡಂ ಜೀಪು ಹತ್ತಿದರು. ಇಲ್ಲಿ ಹೇಳುವುದೆಲ್ಲ ಆ ಯೋಜನೆಯ ಕಥೆ.

ಚಕ್ಕುಬಂದಿ

ಮ್ಯಾನೇಜರಿಗೆ ಬರೆಯಲು ಬರುತ್ತಿದ್ದುದು ಕವಾಯತಿನ ಆದೇಶ ಮಾತ್ರ. ನನಗೆ ಬರುತ್ತಿದ್ದುದು ಜ್ವರದ ಚಾರ್ಟು. ಆಗ ನೆನಪಾದದ್ದು ಏಳನೇ ಹಾಸಿಗೆಯವರು. ರೆವಿನ್ಯೂ ಇಲಾಖೆಯಲ್ಲಿ ಇಡೀ ಜೀವಮಾನ ಪಹಣಿ, ಖಾತೆ ಅಂತ ಕಳೆದವರು. ಲಕ್ವದಿಂದ ಬಲಗೈ ಬಿದ್ದುಹೋಗಿತ್ತು. ಹೆಂಡತಿ ತೀರಿಕೊಂಡ ಸುದ್ದಿ ಬಂದ ದಿನದಿಂದ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದರು. ಊಟಕ್ಕೆ ಈ ಕಡೆ ತಿರುಗುವರು, ಮತ್ತೆ ಗೋಡೆ.

ನಾನು ಹೋಗಿ ಬೆನ್ನಿಗೇ ಹೇಳಿದೆ, “ಸಾರ್, ಒಂದು ಸರ್ಕಾರಿ ಕಾಗದ ಬರೀಬೇಕಿತ್ತು. ನಮಗ್ಯಾರಿಗೂ ಬರೂದಿಲ್ಲ.”

ಹೊದಿಕೆ ಅಲುಗಿತು. ಆಮೇಲೆ ಮೆಲ್ಲಗೆ ಹೊರಳಿ, “ಯಾವ ನಮೂನೆ?” ಅಂದರು.

ಎಡಗೈಯಲ್ಲಿ ಹನ್ನೊಂದು ದಿನ ಬರೆದರು. ಅಕ್ಷರ ಇರುವೆ ಸಾಲು ದಾರಿ ತಪ್ಪಿದ ಹಾಗೆ ಇದ್ದರೂ ಓದಬಹುದಿತ್ತು. ಮೊದಲ ಪುಟ ಹೀಗಿತ್ತು: “ಸದರಿ ಕಟ್ಟಡದ ಚಕ್ಕುಬಂದಿ. ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಖಾಸಗಿ ಗದ್ದೆ, ದಕ್ಷಿಣಕ್ಕೆ ಪಾಳು ಬಾವಿ. ಸದರಿ ಚಕ್ಕುಬಂದಿಯೊಳಗೆ ಬೆಂಕಿ ಕಂಡುಬಂದಲ್ಲಿ, ಸದರಿ ಬೆಂಕಿಯು ಎಷ್ಟು ವಿಸ್ತೀರ್ಣವನ್ನು ಆಕ್ರಮಿಸಿದೆ ಎಂಬುದನ್ನು ಇಬ್ಬರು ಪಂಚರ ಸಮಕ್ಷಮ ಸ್ಥಳ ಮಹಜರು ಮೂಲಕ ಖಚಿತಪಡಿಸಿಕೊಂಡು ಮುಂದಿನ ಕ್ರಮ ಜರುಗಿಸತಕ್ಕದ್ದು.”

“ಸಾರ್, ಮಹಜರು ಮುಗಿಯೋದ್ರೊಳಗೆ ಎಲ್ಲಾ ಸುಟ್ಟು ಹೋಗಿರ್ತದಲ್ಲ?” ಅಂದೆ.

“ಸುಟ್ರೆ ಸುಡ್ಲಿ ಸಿಸ್ಟರ್. ನನ್ನ ಸರ್ವೀಸಿನಲ್ಲಿ ಸುಟ್ಟಿದ್ದು ಯಾವತ್ತೂ ತೊಂದರೆ ಕೊಟ್ಟಿಲ್ಲ. ಉಳಿದಿದ್ದೇ ತಕರಾರು.”

ಬರೆದು ಮುಗಿದ ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಗೋಡೆಗೆ ಮುಖ. ಆವತ್ತಿನಿಂದ ನಾನು ಬೇಕೆಂದೇ ತಿದ್ದುಪಡಿ ಕೇಳತೊಡಗಿದೆ. ಗ್ಯಾಸ್ ಸೋರಿದರೆ ಏನು, ಹಾವು ಬಂದರೆ ಏನು, ಕೋತಿ ಬಂದರೆ ಏನು. ಅವರು ಗೊಣಗುತ್ತಲೇ ತಿರುಗುವರು, ಗೊಣಗುತ್ತಲೇ ಬರೆಯುವರು. ಬೆಂಕಿ ಬಿದ್ದಾಗ ನಿಜಕ್ಕೂ ಮಾಡಬೇಕಾದದ್ದನ್ನು ನಾನು ಬೇರೆ ಹಾಳೆಯಲ್ಲಿ ಬರೆದು ಫೈಲಿಗೆ ಸೇರಿಸಿದೆ. ಅವರ ಪುಟಗಳನ್ನೂ ಹಾಗೇ ಇಟ್ಟೆ. ಫೈಲು ದಪ್ಪವಾಗುತ್ತ ಹೋಯಿತು.

ಒಂದು ದಿನ ನಾನು ಕೇಳದೆಯೇ ಅವರೊಂದು ಸಾಲು ಸೇರಿಸಿದ್ದರು. ಶೀರ್ಷಿಕೆ: “ನಿವಾಸಿಯು ಮರಣ ಹೊಂದಿದಲ್ಲಿ.” ಅದರ ಕೆಳಗೆ: “ಸದರಿ ಪ್ರಕರಣದಲ್ಲಿ ತುರ್ತು ಏನೂ ಇರುವುದಿಲ್ಲ.”

ಒಳಗೆ ಬೆಂಕಿ, ಹೊರಗೆ ಬೆಂಕಿ

ಯೋಜನೆ ಬರೆದರೆ ಸಾಲದು, ವರ್ಷಕ್ಕೆರಡು ಸಲ ಅಣಕು ಕಾರ್ಯಾಚರಣೆ ಮಾಡಬೇಕು ಅಂತ ಮೇಡಂ ಹೇಳಿದ್ದರು. ಮ್ಯಾನೇಜರಿಗೆ ಮದುವೆ ಗಂಡಿನ ಕಳೆ ಬಂತು. ಹತ್ತು ವರ್ಷದ ಮೇಲೆ ಕವಾಯತು!

ಬೆಳಿಗ್ಗೆ ಹತ್ತು ಗಂಟೆಗೆ ಸೀಟಿ ಊದಿ “ಬೆಂಕಿ! ಬೆಂಕಿ!” ಅಂತ ಕೂಗಿದರು. ಏಳಲಾಗದವರನ್ನು ಬೆಡ್‌ಶೀಟ್ ಸಮೇತ ಹಿಡಿದು, ಕೂರಬಲ್ಲವರನ್ನು ಗಾಲಿಕುರ್ಚಿಯಲ್ಲಿ, ನಡೆಯಬಲ್ಲವರನ್ನು ಕೈ ಹಿಡಿದು ಅಂಗಳದ ಹುಣಸೆ ಮರದ ಕೆಳಗೆ ಸಾಗಿಸಿದೆವು. ಮ್ಯಾನೇಜರು ಗಡಿಯಾರ ನೋಡಿ ತಲೆ ಚಚ್ಚಿಕೊಂಡರು. “ಇಪ್ಪತ್ತಾರು ನಿಮಿಷ! ನನ್ನ ಸ್ಕೂಲಿನಲ್ಲಿ ಆರು ನೂರು ಮಕ್ಕಳು ಎರಡು ನಿಮಿಷದಲ್ಲಿ ಮೈದಾನದಲ್ಲಿ ಇರ್ತಿದ್ರು.”

“ಆ ಮಕ್ಕಳಿಗೆ ಮೂತ್ರದ ಚೀಲ ಇರ್ಲಿಲ್ಲ ಸಾರ್” ಅಂದೆ.

ವಾಪಸು ಕರೆದುಕೊಂಡು ಹೋಗುವಾಗ ತೊಂದರೆ ಶುರುವಾಯಿತು. ಸೊರಬದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರು ನಮ್ಮಲ್ಲಿದ್ದರು. ಮರೆವಿನ ಕಾಯಿಲೆ. ಮಗಳ ಹೆಸರೂ ಹೋಗಿತ್ತು, ಆದರೆ ಯಾರ ಸೀರೆ ಮುಟ್ಟಿದರೂ ನೂಲಿನ ನಂಬರು ಹೇಳುತ್ತಿದ್ದರು. ಅವರು ಮರದ ಬುಡ ಹಿಡಿದು ಕೂತುಬಿಟ್ಟರು. ಮೈಯೆಲ್ಲಾ ನಡುಗುತ್ತಿತ್ತು.

“ಒಳಗೆ ಬರೂದಿಲ್ಲ. ಬೆಂಕಿ ಇದೆ. ಬಟ್ಟೆ ಥಾನುಗಳೆಲ್ಲ ಹೋದ್ವು.”

“ಬೆಂಕಿ ಇಲ್ಲ ಯಜಮಾನ್ರೆ, ಸುಮ್ನೆ ಆಟಕ್ಕೆ ಕೂಗಿದ್ದು.”

“ಬೆಂಕಿ ಜೊತೆ ಆಟ ಎಂತದು?”

ಅವರ ಮಗಳಿಗೆ ಫೋನ್ ಮಾಡಿದೆ. ಅವಳು ಹೇಳಿದಳು. ಬಹಳ ವರ್ಷದ ಹಿಂದೆ ಅವರ ಅಂಗಡಿ ಸುಟ್ಟುಹೋಗಿತ್ತಂತೆ. ಎದುರಿನ ಜಗಲಿಯಲ್ಲಿ ನಿಂತು ಕೊನೆಯ ಥಾನು ಉರಿಯುವ ತನಕ ನೋಡಿದ್ದರಂತೆ. “ಮರೆವು ಬಂದು ಅದೊಂದು ಉಪಕಾರ ಆಗಿತ್ತು ಸಿಸ್ಟರ್. ಅದನ್ನ ಪೂರ್ತಿ ಮರೆತಿದ್ರು” ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮಧ್ಯಾಹ್ನದ ಊಟ ಅಲ್ಲೇ ಕೊಟ್ಟೆವು. ಮಾತ್ರೆ ಅಲ್ಲೇ ಕೊಟ್ಟೆವು. ಮ್ಯಾನೇಜರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತರು, ತಪ್ಪು ಮಾಡಿದ ಹುಡುಗನ ಹಾಗೆ. ಮೂರು ಗಂಟೆಗೆ ಮೋಡ ಕವಿದು ಹನಿ ಬೀಳತೊಡಗಿತು. ಎತ್ತಿಕೊಂಡು ಹೋಗೋಣವೆಂದರೆ ಮುಟ್ಟಿದರೆ ಕಿರುಚುತ್ತಾರೆ.

ಆಗ ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಶಿಕಾರಿಪುರದ ಆಚೆ ಬಯಲುಸೀಮೆ ಅಂಚಿನವಳು, ದನಿ ದೊಡ್ಡದು. “ಯಜಮಾನ್ರೇ, ಏಳ್ರಿ ಏಳ್ರಿ! ಇಲ್ಲ್ಯಾಕೆ ಕುಂತೀರಿ? ಬೆಂಕಿ ಹೊರಗ ಬಿದ್ದೈತ್ರಿ! ಎಲ್ಲಾರೂ ಒಳಗ ಹೋಗ್ಯಾರ್ರಿ!”

ಅವರು ತಲೆ ಎತ್ತಿ ಆಕಾಶ ನೋಡಿದರು, ಮರ ನೋಡಿದರು. “ಹೌದಾ?”

“ಹೌದ್ರಿ!”

“ಮತ್ತೆ ಇಷ್ಟು ಹೊತ್ತು ಯಾಕೆ ಹೇಳ್ಲಿಲ್ಲ?” ಅಂತ ನನ್ನನ್ನೇ ಗದರಿ, ನನ್ನ ಕೈ ಹಿಡಿದೆಳೆದುಕೊಂಡು ಒಳಗೆ ಬಂದು ಹಾಸಿಗೆ ಮೇಲೆ ಕೂತರು. ಕಿಟಕಿಯಿಂದ ಮಳೆ ನೋಡುತ್ತ ಮೆಲ್ಲಗೆ ನಡುಕ ನಿಂತಿತು.

ಮೇಲಿನವರಿಗೆ ಕಳಿಸುವ ವರದಿಯಲ್ಲಿ ಮ್ಯಾನೇಜರು ಸುಳ್ಳು ಬರೆಯುವವರಲ್ಲ. ಬರೆದರು: “ಅಣಕು ಬೆಂಕಿ ಎರಡು. ಒಳಗೆ ಒಂದು, ಹೊರಗೆ ಒಂದು. ಹೊರಗಿನದ್ದು ಮಳೆಯಿಂದ ನಂದಿತು.”

ಹಳೆಯ ಪರಿಚಯ

ಯೋಜನೆಯ ಕೊನೆಯಲ್ಲಿ ಒಂದು ಪಟ್ಟಿ. ಪ್ರತಿಯೊಬ್ಬರ ಹೆಸರಿನ ಮುಂದೆ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಅನ್ನುವ ಫೋನ್ ನಂಬರು. ಸೇರುವಾಗ ಬರೆಸಿಕೊಂಡದ್ದು. ಈಗಲೂ ನಡೆಯುತ್ತವೋ ಇಲ್ಲವೋ ನೋಡಲು ಒಂದು ಮಧ್ಯಾಹ್ನ ಕೂತು ಎಲ್ಲದಕ್ಕೂ ಮಾಡುತ್ತ ಹೋದೆ.

ಒಬ್ಬರ ಅಣ್ಣನ ಮಗ ಫೋನ್ ಎತ್ತಿದವನೇ, ನಾನು ಎಲ್ಲಿಂದ ಅಂತ ಹೇಳುತ್ತಿದ್ದಂತೆ, “ಹೋದ್ರಾ?” ಅಂದ.

“ಇಲ್ಲಪ್ಪ, ಚೆನ್ನಾಗಿದ್ದಾರೆ. ಸುಮ್ನೆ ನಂಬರ್ ಸರಿ ಇದ್ಯಾ ನೋಡಿದ್ದು.”

“ಓ” ಅಂದ. ಆ “ಓ” ಯಾವ ಜಾತಿಯದ್ದು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಹದಿನಾಲ್ಕನೇ ಹಾಸಿಗೆ ಟೀಚರಮ್ಮನದ್ದು. ಬಂದಳಿಕೆ ಕಡೆಯವರು, ಮದುವೆಯಾಗಲಿಲ್ಲ, ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದವರು. ಈಗ ಎರಡು ಕಾಲಿಗೂ ಶಕ್ತಿ ಇಲ್ಲ. ಅವರ ಹೆಸರಿನ ಮುಂದಿದ್ದ ನಂಬರಿಗೆ ಮಾಡಿದೆ. ವಾರ್ಡಿನ ಒಳಗಿನಿಂದ ರಿಂಗ್ ಕೇಳಿಸಿತು. ಯಾರಿಗೋ ಫೋನ್ ಬಂದಿರಬೇಕು ಅಂದುಕೊಂಡೆ.

“ಹಲೋ, ಯಾರು ಮಾತಾಡೋದು?”

ದನಿ ಫೋನಿನಿಂದಲೂ ಬಂತು, ಗೋಡೆಯಾಚೆಯಿಂದಲೂ ಬಂತು. ಫೋನ್ ಅಲ್ಲಿಗೇ ಇಡಬೇಕಿತ್ತು. ಅಷ್ಟು ಹೊತ್ತಿನಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದದ್ದು ಬಂದುಬಿಟ್ಟಿತು. “ಆರೈಕೆ ಕೇಂದ್ರದಿಂದ. ತುರ್ತು ಇದ್ರೆ ಟೀಚರಮ್ಮನ ಕಡೆಯವರಿಗೆ ತಿಳಿಸೋ ನಂಬರ್ ಇದೇನಾ?”

“ಹೌದು, ಇದೇ.”

“ನೀವು ಅವರಿಗೆ ಏನಾಗ್ಬೇಕು?”

ಗೋಡೆಯಾಚೆ ಮಂಚ ಕಿರುಗುಟ್ಟಿತು. ಆಮೇಲೆ ಪಾಠ ಒಪ್ಪಿಸುವಷ್ಟು ಸ್ಪಷ್ಟವಾಗಿ, “ಹಳೆಯ ಪರಿಚಯ. ಚಿಕ್ಕಂದಿನಿಂದ ಬಲ್ಲೆ.”

“ಕರೆದ್ರೆ ಬರ್ತೀರಾ?”

“ಯಾಕೆ ಬರೂದಿಲ್ಲ? ನಾನೇನು ದೂರ ಇಲ್ಲ.”

ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆವತ್ತು ಯಾವುದಕ್ಕೆ ಹೋದೆ ಅಂತ ಸ್ಪಷ್ಟವಾಗಿ ಹೇಳಲಾರೆ. ಹೊರಗೆ ಬಂದು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇನ್ನೊಂದು ನಂಬರು ಸೇರಿಸಿದೆ, ನನ್ನದು.

ಸಂಜೆ ಮಾತ್ರೆ ಕೊಡಲು ಹೋದಾಗ ಟೀಚರಮ್ಮ ನೀರಿನ ಲೋಟ ಹಿಡಿದು, ಮುಖದಲ್ಲಿ ಒಂದಿಷ್ಟೂ ನಗೆ ತೋರಿಸದೆ ಹೇಳಿದರು, “ಸಿಸ್ಟರ್, ಇವತ್ತು ಯಾರೋ ನನ್ನ ಬಗ್ಗೆ ವಿಚಾರಿಸಿ ಫೋನ್ ಮಾಡಿದ್ರು. ನೋಡಿ, ಇನ್ನೂ ಕೇಳೋರಿದ್ದಾರೆ.”

ಪ್ರತಿ ಸೋಮವಾರ ಪಾಸಾದ ಜನರೇಟರು

ಕರೆಂಟು ಹೋದರೆ ಏನು ಅನ್ನುವ ಅಧ್ಯಾಯವನ್ನು ಮ್ಯಾನೇಜರು ತಾವೇ ವಹಿಸಿಕೊಂಡರು. ಹಿತ್ತಿಲಲ್ಲಿ ಗಿರಣಿ ಕಾಲದ ಜನರೇಟರು ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ ಅದನ್ನು ಶುರು ಮಾಡಿ, ಹತ್ತು ನಿಮಿಷ ಓಡಿಸಿ, ರಿಜಿಸ್ಟರಿನಲ್ಲಿ “ಸುಸ್ಥಿತಿಯಲ್ಲಿದೆ” ಅಂತ ಬರೆದು ಸಹಿ ಹಾಕುವರು. ಪುಟಗಟ್ಟಲೆ ಸುಸ್ಥಿತಿ.

ಮುಂಗಾರು ಶುರುವಾಗುವ ಮೊದಲ ಗಾಳಿ ಒಂದು ಮಧ್ಯಾಹ್ನ ಬೀಸಿತು. ರಸ್ತೆಯ ಎರಡೂ ಕಡೆ ಮರ ಬಿದ್ದವು, ಕರೆಂಟು ಹೋಯಿತು. ಮೂರನೇ ಹಾಸಿಗೆಯವರಿಗೆ ಆಮ್ಲಜನಕದ ಯಂತ್ರ ಬೇಕೇ ಬೇಕು. ಅವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ ಹತ್ತಿ ಮಂಡಿ ಹೋಗಿತ್ತು, ಬೀಡಿ ಸೇದಿ ಸೇದಿ ಶ್ವಾಸಕೋಶ ಹೋಗಿತ್ತು. ಅವರನ್ನು ಇದ್ದೊಂದು ಸಿಲಿಂಡರಿಗೆ ಬದಲಿಸಿ ನಾನು ಪಕ್ಕದಲ್ಲಿ ಕೂತೆ.

ಡ್ರೈವರು ಜನರೇಟರಿನ ಹಗ್ಗ ಎಳೆದ. ಎಳೆದ. ಮತ್ತೂ ಎಳೆದ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ. “ಡೀಸೆಲ್ ಇಲ್ಲ ಸಾರ್. ಪರೀಕ್ಷೆ ಮಾಡಿ ಮಾಡೇ ಖಾಲಿಯಾಗಿದೆ.”

ಮ್ಯಾನೇಜರು ರಿಜಿಸ್ಟರು ಎದೆಗೆ ಹಿಡಿದುಕೊಂಡು ನಿಂತಿದ್ದರು. “ಆದ್ರೆ ಒಂದು ಸಲನೂ ಫೇಲಾಗಿರ್ಲಿಲ್ಲ!” ಅಂದರು.

ಡ್ರೈವರು ಕ್ಯಾನು ಹಿಡಿದು ಬಿದ್ದ ಮರಗಳ ಮೇಲೆ ಹತ್ತಿ ಇಳಿದು ಡೀಸೆಲ್ ತರಲು ಹೋದ. ಸಿಲಿಂಡರಿನ ಮುಳ್ಳು ಕೆಳಗಿಳಿಯುತ್ತಿತ್ತು. ನಾನು ಅದನ್ನು ನೋಡುವುದನ್ನು ಲೈನ್‌ಮನ್ ನೋಡುತ್ತಿದ್ದರು.

“ಸಿಸ್ಟರ್, ಫೋನ್ ಕೊಡ್ರಿ.”

“ಮಾತಾಡ್ಬೇಡಿ ಮಾರಾಯ್ರೆ, ಉಸಿರು ಉಳಿಸ್ಕೊಳ್ಳಿ.”

“ಉಳಿಸ್ಕೊಳ್ಳಾಕೇ ಕೇಳ್ತಿರಾದು. ಕೊಡ್ರಿ.”

ಸೆಕ್ಷನ್ ಆಫೀಸಿನ ನಂಬರು ಅವರಿಗೆ ಬಾಯಿಪಾಠ. ಆ ಕಡೆ ಯಾರೋ ಎತ್ತುತ್ತಿದ್ದಂತೆ ಇವರ ದನಿ ಬೇರೆಯಾಯಿತು. ಆ ದನಿ ಆ ಎದೆಯಿಂದ ಬರಲು ಸಾಧ್ಯವಿಲ್ಲ ಅಂತ ಯಾವ ಡಾಕ್ಟರು ಬೇಕಾದರೂ ಬರೆದುಕೊಡುತ್ತಿದ್ದರು. “ಯಾರಯ್ಯಾ ಡ್ಯೂಟಿಲಿರೋದು? ಹಳೇ ಗಿರಣಿ ಹಿಂದೆ ಹಳ್ಳದ ಪಕ್ಕ ಮೂರನೇ ಕಂಬ. ಜಂಪರ್ ತಂತಿ ಕಟ್ಟಾಗಿರ್ತದೆ. ಪ್ರತಿ ಗಾಳಿಗೂ ಅದೇ ಕಟ್ಟಾಗೋದು. ಬೇರೆ ಕಡೆ ಹುಡುಕ್ತಾ ಕೂರಬ್ಯಾಡ್ರಿ, ಸೀದಾ ಅಲ್ಲಿಗೆ ಹೋಗ್ರಿ.”

ಆ ಕಡೆಯವರು ಏನೋ ಕೇಳಿದರು. ಇವರು ಮೂಗಿನ ನಳಿಗೆ ಸರಿಮಾಡಿಕೊಂಡು, “ನಾನಾ? ನಾನು ಲೈನ್ ಮೇಲೇ ಇದ್ದೀನಿ” ಅಂದು ಫೋನಿಟ್ಟರು.

ಇಬ್ಬರು ಲೈನ್‌ಮನ್‌ಗಳು ನಡೆದುಕೊಂಡೇ ಬಂದರು. ಮೂರನೇ ಕಂಬವೇ, ಜಂಪರೇ. ಮುಳ್ಳು ತಳ ಮುಟ್ಟುವ ಮೊದಲು ವಾರ್ಡಿನ ಫ್ಯಾನು ತಿರುಗಿತು. ಆಯಾಗಳು ಚಪ್ಪಾಳೆ ತಟ್ಟಿದರು. ಲೈನ್‌ಮನ್ ಕಣ್ಣು ಮುಚ್ಚಿಕೊಂಡೇ, “ಎಷ್ಟು ಫೇಸ್ ಬಂತು ನೋಡ್ರಿ” ಅಂದರು. ಹೊರಗೆ ಹೋಗಿ ಕೇಳಿ ಬಂದು, “ಮೂರರಲ್ಲಿ ಸದ್ಯಕ್ಕೆ ಒಂದೇ ಅಂತೆ” ಅಂದೆ.

“ಹಂಗಾರೆ ಕೆಲಸ ಮುಗಿದಿಲ್ಲ. ನಾನು ಇನ್ನೂ ಹೋಗಂಗಿಲ್ಲ ಬಿಡ್ರಿ.”

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಹೋದರು. ಗಾಳಿಯಿಲ್ಲ, ಮಳೆಯಿಲ್ಲ. ಯಂತ್ರ ಓಡುತ್ತಿತ್ತು, ಸಿಲಿಂಡರು ತುಂಬಿತ್ತು, ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ನಮ್ಮ ಯೋಜನೆ ಪೂರ್ತಿ ಸರಿಯಾಗಿದ್ದ ದಿನ ಅದೊಂದೇ. ಸುದ್ದಿ ತಿಳಿದು ಆವತ್ತು ಕಂಬ ಹತ್ತಿದ್ದ ಆ ಇಬ್ಬರು ಹುಡುಗರು ಹೂವಿನ ಹಾರ ತಂದರು. ಎಷ್ಟು ಹೊತ್ತಿಗೆ ಅಂತ ಕೇಳಿದರು. ಒಂಬತ್ತೂವರೆ ಅಂದೆ. ಒಬ್ಬ ಯಾರಿಗೋ ಫೋನ್ ಮಾಡಿ ವಿಚಾರಿಸಿ ಬಂದು, ಕೈ ಕಟ್ಟಿ ನಿಂತು ಹೇಳಿದ, “ಮೂರೂ ಫೇಸ್ ಇತ್ತು ಸಿಸ್ಟರ್.”

ಯಾವ ಕಡೆಯವರು

ಮುಂದಿನ ಮಳೆಗಾಲದಲ್ಲಿ ಒಂದು ವಾರ ಬಿಡದೆ ಹೊಡೆಯಿತು. ಅಂಬ್ಲಿಗೊಳ ಜಲಾಶಯ ತುಂಬಿದೆಯಂತೆ, ಅಲ್ಲಿ ಕೋಡಿ ಬಿತ್ತಂತೆ, ಇಲ್ಲಿ ಕೆರೆ ಒಡೆಯಿತಂತೆ ಅಂತ ಬಸ್ಸಿನಲ್ಲೆಲ್ಲ ಅದೇ ಮಾತು. ಎಂಟನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ನಾನು ಬಸ್ಸಿಳಿದಾಗ ಹಿಂದಿನ ಹಳ್ಳ ಅಡುಗೆಮನೆಯೊಳಗೆ ಇತ್ತು. ಏಳನೇ ಹಾಸಿಗೆಯ ರೆವಿನ್ಯೂ ಸಾಹೇಬರು ಮಂಚದ ಕೆಳಗೆ ನೀರು ಹರಿಯುವುದನ್ನು ನೋಡುತ್ತ, “ಒತ್ತುವರಿ” ಅಂದರು.

ಈ ಸಲ ಅಣಕು ಅಲ್ಲ. ಮ್ಯಾನೇಜರು ಸೀಟಿ ಊದಿದರು. ಆ ಮನುಷ್ಯನನ್ನು ನಾನು ಎಷ್ಟೋ ಸಲ ಆಡಿಕೊಂಡಿದ್ದೇನೆ. ಆವತ್ತು ಅವರು ಪಂಚೆ ಎತ್ತಿಕಟ್ಟಿ, ಮಂಡಿಯುದ್ದ ನೀರಿನಲ್ಲಿ ಒಬ್ಬೊಬ್ಬರನ್ನೇ ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದರು. ಕುಬಟೂರಿನ ಒಬ್ಬ ಅಜ್ಜಿ, ಸೊಂಟ ಮುರಿದವಳು, ಬಾಯಿ ಮಾತ್ರ ಗಟ್ಟಿ, ಅವರ ಬೆನ್ನ ಮೇಲೆ ಕೂತು, “ಮೆಲ್ಲಗೆ ಹೋಗೋ ಮಾರಾಯ, ನನಗೆ ಮದುವೆ ಮುಹೂರ್ತ ಮೀರ್ತಿಲ್ಲ” ಅಂತ ಬೈಯುತ್ತಿದ್ದಳು. ಟೀಚರಮ್ಮ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕುತ್ತಿಗೆಗೆ ಕಟ್ಟಿಕೊಂಡಿದ್ದರು.

ಜಾಗ ಮೊದಲೇ ಗೊತ್ತು ಮಾಡಿದ್ದೆವು. ಯೋಜನೆಯಲ್ಲಿ ಬರೆದಿತ್ತು: ನೀರು ನುಗ್ಗಿದರೆ ಶಿಕಾರಿಪುರದ ಕಡೆ ಎತ್ತರದಲ್ಲಿರುವ ಕಲ್ಯಾಣ ಮಂಟಪ. ಮಾಲೀಕರು, “ಯಾವಾಗ ಬೇಕಾದ್ರೂ ಬರ್ರಿ, ನಿಮ್ಮದೇ ಅಂತ ತಿಳ್ಕೊಳ್ರಿ” ಅಂದಿದ್ದರು. ಕಲ್ಯಾಣ ಮಂಟಪದಲ್ಲಿ ಕಲ್ಯಾಣವೂ ಆಗುತ್ತದೆ ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಶ್ರಾವಣ ಮಾಸ ಬೇರೆ.

ನಮ್ಮ ವ್ಯಾನು, ಪಕ್ಕದ ಗದ್ದೆಯವರ ಟ್ರ್ಯಾಕ್ಟರು, ಮೇಲೊಂದು ಟಾರ್ಪಾಲು. ನಾಲ್ಕು ಸರ್ತಿ ಹೊಡೆದು ಸಾಗಿಸಿದೆವು. ನಾನು ಕೊನೆಯ ಸರ್ತಿಗೆ, ನಾಲ್ಕು ಜನರ ಜೊತೆ ಹೊರಟೆ. ಅಲ್ಲಿ ಇಳಿದು ನೋಡುತ್ತೇನೆ: ಬಾಗಿಲಿಗೆ ಬಾಳೆಕಂಬ, ತೋರಣ, ಒಳಗೆ ಓಲಗ. ನಮ್ಮ ಹದಿನೆಂಟು ಜನ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಎಲ್ಲರ ಹಣೆಗೂ ಕುಂಕುಮ, ಮೈಮೇಲೆ ಪನ್ನೀರು, ಕೈಯಲ್ಲಿ ಕಲ್ಲುಸಕ್ಕರೆ. ಸಕ್ಕರೆ ಕಾಯಿಲೆಯವರು ಎರಡೆರಡು ತೆಗೆದುಕೊಂಡಿದ್ದಾರೆ. ರೆವಿನ್ಯೂ ಸಾಹೇಬರ ಹೆಗಲಿಗೆ ಶಾಲು ಬಿದ್ದಿದೆ. ಬಟ್ಟೆ ಅಂಗಡಿ ಯಜಮಾನರು ಪಕ್ಕದ ಹೆಂಗಸಿನ ಸೆರಗು ಹಿಡಿದು, “ರೇಷ್ಮೆ ಅಂತ ಕೊಟ್ಟು ಮೋಸ ಮಾಡಿದ್ದಾರೆ” ಅನ್ನುತ್ತಿದ್ದಾರೆ.

ಆದದ್ದು ಇಷ್ಟು. ನಮ್ಮವರು ಇಳಿಸಿ ಇಳಿಸಿ ಮುಂದಿನ ಸರ್ತಿಗೆ ಓಡುತ್ತಿದ್ದರು, ಇವರು ಯಾರು ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೆಣ್ಣಿನ ಕಡೆಯವರು, ಗಂಡಿನ ಕಡೆ ಹಿರಿಯರು ಬಂದರು ಅಂದುಕೊಂಡು ಎದುರುಗೊಂಡಿದ್ದರು. ಗಂಡಿನ ಕಡೆಯವರು, ಇಷ್ಟು ಕಾಯಿಲೆ ಇದ್ದರೂ ಹೆಣ್ಣಿನ ಕಡೆ ಹಿರಿಯರು ಬಂದಿದ್ದಾರಲ್ಲ ಅಂತ ಎದ್ದು ಜಾಗ ಬಿಟ್ಟಿದ್ದರು.

ಒಬ್ಬರ ಮೂತ್ರದ ಚೀಲ ತುಂಬಿತ್ತು. ಪರದೆಯ ಹಿಂದೆ ಕರೆದೊಯ್ದು ಬದಲಿಸುತ್ತಿದ್ದೆ. ಆಚೆ ಕಡೆ ಪಿಸುಮಾತು ಕೇಳಿಸಿತು. ಹುಡುಗಿಯ ತಂದೆ, ಸಂಬಂಧ ಕುದುರಿಸಿದವರ ರಟ್ಟೆ ಹಿಡಿದು ಕೇಳುತ್ತಿದ್ದರು. “ಏನ್ರೀ ಇದು? ಗಂಡಿನ ಕಡೆ ಒಂದು ಸಾಲಿಗೆ ಸಾಲೇ ಲಕ್ವ ಐತಲ್ರೀ! ಜಾತಕ ನೋಡಿದ್ರಿ, ನರ ನೋಡಲಿಲ್ಲೇನ್ರೀ?”

ಅವರು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕಡೆಯಿಂದ ಹುಡುಗನ ತಂದೆ ಬಂದರು. “ನಾನೂ ಅದನ್ನೇ ಕೇಳಾಣ ಅಂತ ಬಂದೆ. ನಿಮ್ಮ ಮನೆ ಹಿರಿಯರಿಗೆ ಹೆಸರು ಕೇಳಿದ್ರೆ ಹೆಸರು ಗೊತ್ತಿಲ್ಲ, ಊರು ಕೇಳಿದ್ರೆ ಊರು ಗೊತ್ತಿಲ್ಲ. ನಾಳೆ ನಮ್ಮ ಮೊಮ್ಮಕ್ಕಳ ಗತಿ?”

“ನಮ್ಮನೆ ಹಿರಿಯರಾ? ಅವ್ರು ನಿಮ್ಮೋರಲ್ಲೇನ್ರೀ?”

“ಸುಳ್ಳು ಹೇಳ್ಬ್ಯಾಡ್ರಿ! ಕಾಯಿಲೆ ಮುಚ್ಚಿಟ್ಟಿದ್ದಲ್ದೆ ಈಗ ಹೆತ್ತವರನ್ನೂ ಅಲ್ಲ ಅಂತೀರಾ?”

ದನಿ ಏರಿತು. ಓಲಗ ನಿಂತಿತು. ಮುಹೂರ್ತಕ್ಕೆ ಅರ್ಧ ಗಂಟೆ. ಹುಡುಗಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಒದ್ದೆ ಸೀರೆಯಲ್ಲಿ, ಕೈಯಲ್ಲಿ ತುಂಬಿದ ಚೀಲ ಹಿಡಿದೇ ಪರದೆಯಿಂದ ಹೊರಗೆ ಬಂದೆ. “ದಯವಿಟ್ಟು ಜಗಳ ಆಡ್ಬೇಡಿ. ಇವರೆಲ್ಲ ನಮ್ಮವರು” ಅಂದೆ. ಹಳ್ಳ ನುಗ್ಗಿದ್ದು, ನಾವು ಬಂದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಲ್ಲೇ, ಅಷ್ಟು ಜನರ ನಡುವೆ, ಔಷಧಿ ಕೋಣೆಯೂ ಇಲ್ಲದೆ, ಅತ್ತುಬಿಟ್ಟೆ.

ಇಬ್ಬರು ತಂದೆಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯ ತಂದೆ ಮೊದಲು ಕೈ ಮುಗಿದರು. ಆಮೇಲೆ ಆ ಜನ ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಗಂಡಿನ ಕಡೆಯವರಿಗೆ ಇಟ್ಟಿದ್ದ ಕೋಣೆಗಳನ್ನು ನಮ್ಮವರಿಗೆ ಬಿಟ್ಟರು. ಉಡುಗೊರೆಗೆ ತಂದಿದ್ದ ಪಂಚೆ ಸೀರೆಗಳನ್ನು ಬಿಚ್ಚಿ ಉಡಿಸಿದರು. ಹೆಂಗಸರು ಕೂತು ಕೈತುತ್ತು ಕೊಟ್ಟರು.

ಹಾಗಿದ್ದೂ ಮಳೆಯಲ್ಲಿ ನೆನೆದದ್ದಕ್ಕೆ ಎದೆ ಕಟ್ಟಿ ಇಬ್ಬರು ಆಮೇಲೆ ಉಳಿಯಲಿಲ್ಲ. ಬಟ್ಟೆ ಅಂಗಡಿ ಯಜಮಾನರು ಒಬ್ಬರು. ಯೋಜನೆಯಲ್ಲಿ ನಾನು “ಕಂಬಳಿ” ಅಂತ ಬರೆದಿದ್ದೆ. “ಒಣ ಕಂಬಳಿ” ಅಂತ ಬರೆದಿರಲಿಲ್ಲ. ಈಗ ಬರೆದಿದ್ದೇನೆ, ಕೆಳಗೆ ಗೆರೆ ಎಳೆದು.

ಆವತ್ತು ಅದೊಂದೂ ಗೊತ್ತಿರಲಿಲ್ಲ. ತಾಳಿ ಕಟ್ಟಿದ್ದಾಯಿತು, ಊಟಕ್ಕೆ ಎಲೆ ಹಾಕಿದ್ದಾಯಿತು. ಮಳೆಯಲ್ಲಿ ತಡವಾಗಿ ಬಂದ ವಿಡಿಯೋದವನಿಗೆ ನಡೆದದ್ದೇನೂ ಗೊತ್ತಿಲ್ಲ. ಹಿರಿಯರ ಆಶೀರ್ವಾದ ಬೇಕು ಅಂತ ಮೈಕು ಹಿಡಿದು, ಸೀದಾ ಕುಬಟೂರಿನ ಅಜ್ಜಿಯ ಮುಂದೆ ಕೂತ. ಅವಳು ಎರಡನೇ ಹೋಳಿಗೆಯಲ್ಲಿದ್ದಳು.

“ಅಜ್ಜೀ, ನೀವು ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?”

ಅಜ್ಜಿ ಬಾಯಲ್ಲಿದ್ದದ್ದನ್ನು ಸಾವಕಾಶವಾಗಿ ನುಂಗಿ, ಬೆರಳ ಮೇಲಿನ ತುಪ್ಪ ನೆಕ್ಕಿ, ಕ್ಯಾಮೆರಾ ನೋಡಿ ಹೇಳಿದಳು:

“ನಾವು ಹಳ್ಳದ ಕಡೆಯೋರು ಕಣಪ್ಪಾ. ಹುಡುಗಿ ಲಕ್ಷಣವಾಗಿದ್ದಾಳೆ. ನಮಗೆ ಒಪ್ಪಿಗೆ.”